ಖಾಲಿ ಕುರ್ಚಿ ಕಂಡವರ ಊಟ

ನಮ್ಮ ಟಿ.ವಿ. ಕೇಂದ್ರಕ್ಕೆ ಕಾಲೇಜಿನ ಮಕ್ಕಳನ್ನು ಇಂಟರ್ನ್‌ಶಿಪ್ಪಿಗೆಂದು ಕರೆಸಿಕೊಳ್ಳುವುದು ವಿದ್ಯೆಯ ಮೇಲಿನ ಪ್ರೀತಿಯಿಂದ ಎಂದು ನಮ್ಮ ನಿರ್ದೇಶಕರು ಪ್ರತಿ ಸಲವೂ ಭಾಷಣ ಮಾಡುತ್ತಾರೆ. ಮುಂದೆ ಕುಳಿತ ಮಕ್ಕಳು ನಂಬಿ ತಲೆಯಾಡಿಸುತ್ತಾರೆ. ಹಿಂದೆ ನಿಂತ ನಾವು ಮಾತ್ರ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ನೋಡಿದರೆ ನಗು ತಡೆಯುವುದು ಕಷ್ಟ. ಅಸಲು ಕಾರಣ ಬೇರೆಯೇ ಇದೆ. ಆ ಮಕ್ಕಳು ಹೊರಗಿನವರು. ನಮ್ಮ ಹಳೆಯ ಟೇಪುಗಳನ್ನು ಅವರು ನೋಡಬಹುದು, ನಾವು ನೋಡುವಂತಿಲ್ಲ.

ನಾನು ಅಂಬಕ್ಕ, ಕೇಂದ್ರದ ಮೇಕಪ್ ಕೋಣೆಯವಳು. ಈ ಊರಿನಲ್ಲಿ ಕ್ಯಾಮೆರಾದ ಮುಂದೆ ಕುಳಿತ ಮುಖಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಿಂದ ಪೌಡರು ಮೆತ್ತಿಸಿಕೊಂಡೇ ಕುಳಿತಿವೆ. ‘ಮನೆಮಾತು’ ಎಂಬ ಕಾರ್ಯಕ್ರಮ ಕೇಂದ್ರ ಶುರುವಾದಂದಿನಿಂದ ನಡೆದುಬಂದಿದೆ. ಊರಿನವರು ಯಾರೇ ಆಗಲಿ, ಜೀವಮಾನದಲ್ಲಿ ಒಂದು ಸಲ ಬಂದು, ನೀಲಿ ಪರದೆಯ ಮುಂದಿನ ಬೆತ್ತದ ಕುರ್ಚಿಯಲ್ಲಿ ಕುಳಿತು, ತಮಗೆ ತೋಚಿದ್ದನ್ನು ಮಾತಾಡಿ ಹೋಗಬಹುದು. ವಕೀಲರು ಬಂದಿದ್ದಾರೆ, ಕಮ್ಮಾರರು ಬಂದಿದ್ದಾರೆ. ಒಬ್ಬ ಪುಣ್ಯಾತ್ಮ ತನ್ನ ಎಮ್ಮೆಯ ಗುಣಗಾನ ಮಾಡುತ್ತ ಹೆಂಡತಿಯ ಹೆಸರು ಹೇಳುವುದನ್ನೇ ಮರೆತು ಎದ್ದುಹೋದ. ಅವನ ಮನೆಯಲ್ಲಿ ಆ ವಾರ ಏನು ನಡೆಯಿತೆಂದು ಕೇಳುವ ಧೈರ್ಯ ನಮಗಿರಲಿಲ್ಲ.

ಕುಳಿತು ಹೋದವರು ಬದುಕಿರುವ ತನಕ ಟೇಪಿನಲ್ಲಿ ಇರುತ್ತಾರೆ. ಸತ್ತ ದಿನ ಕುರ್ಚಿ ಖಾಲಿಯಾಗುತ್ತದೆ. ಪರದೆ ಇರುತ್ತದೆ, ಮೈಕು ಇರುತ್ತದೆ, ಮಾತೂ ಮೊದಲಿನಂತೆಯೇ ಕೇಳಿಸುತ್ತದೆ, ಮನುಷ್ಯ ಮಾತ್ರ ಇರುವುದಿಲ್ಲ. ಊರಿನಲ್ಲೇ ತೀರಿಕೊಂಡವರ ವಿಷಯದಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಮನೆಯವರು ಕಾರ್ಯ ಮುಗಿಸಿಕೊಂಡು ಬಂದು, ಖಾಲಿ ಕುರ್ಚಿಯ ಮುಂದೆ ಕುಳಿತು ದನಿ ಕೇಳಿ ಹೋಗುತ್ತಾರೆ. ಚಹಾ ಕೇಂದ್ರದ ಖರ್ಚಿನದು. ತೊಂದರೆ ಇರುವುದು ಊರು ಬಿಟ್ಟು ಹೋಗಿ ಸುದ್ದಿಯಿಲ್ಲದವರದು.

ಅಂಥವರ ಖಾಲಿ ಕುರ್ಚಿಯನ್ನು ಕಂಡವರು ಆ ಮನೆಗೆ ಹೋಗಿ ಹೇಳಬೇಕು, ಅದು ನಮ್ಮೂರಿನ ಕಟ್ಟು. ಫೋನಿನಲ್ಲಿ ಹೇಳುವಂತಿಲ್ಲ, ಬೇರೆಯವರ ಬಾಯಿಂದ ಹೇಳಿಸುವಂತಿಲ್ಲ. ಹೊಸ್ತಿಲಿನ ಹೊರಗೆ ನಿಂತು “ನಿಮ್ಮ ಮನಿಯವರ ಕುರ್ಚಿ ಖಾಲಿ ಐತಿ” ಎನ್ನಬೇಕು. ಹೇಳುವ ತನಕ ರೊಟ್ಟಿ, ಅನ್ನ ಮುಟ್ಟುವಂತಿಲ್ಲ. ಕೇಳಿದ ಮನೆಯವರು ಎದೆ ಒಡೆದುಹೋದರೂ ಮೊದಲು “ಕೇಳಿದ್ವಿ. ಒಳಗ ಬಾ, ಉಣ್ಣು” ಎಂದು ಕರೆದು, ಹೇಳಿದವರಿಗೆ ಉಣಬಡಿಸಬೇಕು. ಅಳುವುದು ಆಮೇಲೆ. ನಾನು ಒಮ್ಮೆ ಇಂಥ ಊಟ ಉಂಡಿದ್ದೇನೆ. ಹಡಗಿನ ಕೆಲಸಕ್ಕೆ ಹೋದ ಹುಡುಗನೊಬ್ಬನ ಕುರ್ಚಿ ನನ್ನ ಕಣ್ಣಿಗೆ ಬಿದ್ದಿತ್ತು. ಅವನ ತಾಯಿ ಸಾರು ಬಡಿಸುವಾಗ ಸೌಟು ತಟ್ಟೆಗೆ ತಾಗಿ ತಾಗಿ ಸದ್ದು ಮಾಡುತ್ತಿತ್ತು. ಆ ಅನ್ನ ಗಂಟಲಿನಿಂದ ಇಳಿಯಿತೇ ಎಂದು ಕೇಳಬೇಡಿ, ಇಳಿಸಿಕೊಂಡೆ.

ಅಂದಿನಿಂದ ನಾನೂ ಎಲ್ಲರ ಹಾಗೆ ಹುಷಾರಾದೆ. ನಮ್ಮ ಟೇಪು ಓಡಿಸುವ ಗುರುಪಾದ ಮಷಿನ್ನಿಗೆ ಟೇಪು ಹಾಕಿ ಬೆನ್ನು ತಿರುಗಿಸಿ ಕೂರುತ್ತಾನೆ, ಕಿವಿಯಿಂದಲೇ ಕೆಲಸ ನಡೆಸುತ್ತಾನೆ. ಪುನಃಪ್ರಸಾರಕ್ಕೆ ಎಲ್ಲರೂ ಕಂಡ, ಊರಲ್ಲೇ ಓಡಾಡಿಕೊಂಡಿರುವವರ ಟೇಪನ್ನೇ ಆರಿಸುತ್ತಾರೆ. ಹೀಗೆ ಸುಖವಾಗಿದ್ದೆವು. ಅಷ್ಟರಲ್ಲಿ, ಟೇಪುಗಳು ಹಾಳಾಗುತ್ತಿವೆ, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಎಂದು ಮೇಲಿನ ಕಚೇರಿಯಿಂದ ಆದೇಶ ಬಂತು. ಇಳಿಸುವಾಗ ಚಿತ್ರ ಸರಿಯಾಗಿ ಬರುತ್ತಿದೆಯೇ ಎಂದು ಯಾರಾದರೂ ಕಣ್ಣಿಟ್ಟು ನೋಡಲೇಬೇಕು. ನಿರ್ದೇಶಕ ಕೊಟ್ರೇಶ ಸಾಹೇಬರು ಒಂದು ದಿನ ಯೋಚಿಸಿ ದೂರದ ಕಾಲೇಜಿಗೆ ಪತ್ರ ಬರೆದರು. “ಹೊರಗಿನವರಿಗೆ ನಮ್ಮ ಕಟ್ಟು ಇಲ್ಲ” ಎಂದರು. ಆ ಮಾತಿಗೆ ನಾವೆಲ್ಲ ತಲೆಯಾಡಿಸಿದೆವು, ನಮಗೂ ಅದು ಬೇಕಾಗಿತ್ತು.

ಹಾಗೆ ಬಂದವಳು ಚಿನ್ಮಯಿ. ಎಂ.ಎ. ಓದುತ್ತಿದ್ದ ಹುಡುಗಿ, ತೆಳ್ಳಗಿನ ಮೈ, ಕಿವಿಗೆ ಸದಾ ಸಿಕ್ಕಿಸಿಕೊಂಡ ಪೆನ್ನು, ಬೇರೆ ಸೀಮೆಯ ಮೆತ್ತನೆಯ ಮಾತು. ಕೆಲಸ ಮಾಡಿಕೊಂಡೇ ಸಂಶೋಧನೆಯ ಪ್ರಾಜೆಕ್ಟನ್ನೂ ಬರೆಯುವುದೆಂದು ಅವಳಿಗೂ ಅವಳ ಗೈಡ್ ಮೇಡಮ್ಮಿಗೂ ಒಪ್ಪಂದವಾಗಿತ್ತು. ‘ಸಾರ್ವಜನಿಕ ಟೆಲಿವಿಷನ್ನಿನಲ್ಲಿ ಸಾಮಾನ್ಯರ ಸ್ವನಿರೂಪಣೆ: ಒಂದು ಅಧ್ಯಯನ’ ಎಂದು ಅದರ ಹೆಸರು.

“ಹಂಗಂದ್ರ ಏನ್ರಿ?” ಎಂದು ಗುರುಪಾದ ಕೇಳಿದ.

“ಜನ ತಮ್ಮ ಬಗ್ಗೆ ತಾವೇ ಏನು ಹೇಳ್ಕೋತಾರೆ ಅಂತ ನೋಡೋದು, ಸರ್.”

“ಅದಕ್ಕ ಅಧ್ಯಯನ ಯಾಕ ಬೇಕ್ರಿ? ಸುಳ್ಳು ಹೇಳ್ಕೋತಾರ.”

ಅವಳು ನಕ್ಕಳು. ಮೊದಲ ವಾರ ಅವಳು ನನ್ನ ಕೋಣೆಗೆ ಬಂದು, ಇಷ್ಟೊಂದು ಟೇಪುಗಳಲ್ಲಿ ಕುರ್ಚಿ ಯಾಕೆ ಖಾಲಿ ಇದೆ ಎಂದು ಕೇಳಿದಳು. ಸತ್ತಿದ್ದಾರೆ ಎಂದೆ. ಕಂಡವರು ಹೇಳಬೇಕೆಂಬ ಕಟ್ಟನ್ನೂ, ಅದು ಅವಳಿಗೆ ಲಾಗೂ ಇಲ್ಲವೆಂಬುದನ್ನೂ ಹೇಳಿದೆ. ಇನ್ನು ಮೇಲೆ ಚಿತ್ರ ಹೇಗಿದೆ, ದನಿ ಹೇಗಿದೆ ಎಂಬುದನ್ನಷ್ಟೇ ನೋಡುತ್ತೇನೆ, ಯಾರು ಏನು ಎಂದು ಕೇಳುವುದಿಲ್ಲ ಎಂದಳು. ಮನುಷ್ಯರು ಎಂಥದಕ್ಕೂ ಹೊಂದಿಕೊಳ್ಳುತ್ತಾರೆ. ಅವಳಂತೂ ಇನ್ನೂ ಎಳೆಯ ವಯಸ್ಸಿನವಳು.

ಅವಳ ಊಟ ನಮ್ಮ ಕ್ಯಾಂಟೀನಿನ ಫಕೀರವ್ವನ ಕೈಯದು. ಫಕೀರವ್ವನ ಬಗ್ಗೆ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ನಮ್ಮ ಕೇಂದ್ರದ ಗೋಪುರದ ಹಿಂದಿನ ಓಣಿಯಲ್ಲಿ ಮನೆ, ಕೈ ತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಗಲ ಕುಂಕುಮ. ಅವಳ ಬದನೆಕಾಯಿ ಎಣ್ಣೆಗಾಯಿಗೆ ಊರಿನಲ್ಲೇ ಜೋಡಿಯಿಲ್ಲ. ರೊಟ್ಟಿ ಮಾತ್ರ ದಪ್ಪ. ದಪ್ಪ ಎಂದರೆ ಒಂದು ತಿಂದು ನೀರು ಕುಡಿದರೆ ಸಂಜೆಯವರೆಗೆ ಹೊಟ್ಟೆಯ ಚಿಂತೆಯಿಲ್ಲ. ಆದರೆ ಆ ಮಾತನ್ನು ಯಾರೂ ಅವಳ ಮುಂದೆ ಎತ್ತುವುದಿಲ್ಲ, ಅದಕ್ಕೊಂದು ಹಿನ್ನೆಲೆ ಇದೆ. ಅವಳ ಗಂಡ ದೇವೇಂದ್ರಪ್ಪ ಬೋರ್‌ವೆಲ್ ಲಾರಿಯ ಮೇಲೆ ಕೆಲಸ ಮಾಡುವವನು. ಮದುವೆಯಾದ ಹೊಸತರಲ್ಲಿ ‘ಮನೆಮಾತಿ’ಗೆ ಬಂದು ಕುಳಿತವನು, ನಮ್ಮಾಕಿ ಎಲ್ಲಾ ಛಲೋ ಮಾಡ್ತಾಳ, ರೊಟ್ಟಿ ಮಾತ್ರ ದಪ್ಪ ಮಾಡ್ತಾಳ, ಆಕಿಗೆ ಹೇಳಬ್ಯಾಡ್ರಿ ಎಂದುಬಿಟ್ಟ. ಇಡೀ ಊರು ನಕ್ಕಿತು. ಅವಳು ಕೆಂಡವಾದಳು. “ಟಿ.ವಿ.ಯಾಗ ಹೇಳಿದ್ದಕ್ಕ ನಾ ಕಿವಿ ಕೊಡಂಗಿಲ್ಲ. ಎದುರಿಗೆ ಕುಂತು, ನನ್ನ ಮುಖಾ ನೋಡಿ ಹೇಳಲಿ, ತೆಳ್ಳಗ ಮಾಡ್ತೀನಿ” ಎಂದು ಹಟ ಹಿಡಿದಳು. ಅವನಿಗೂ ಒಂದು ಹಟ, ನಗುತ್ತ ದಪ್ಪ ರೊಟ್ಟಿಯನ್ನೇ ತಿಂದ. ಆಮೇಲೊಮ್ಮೆ ಲಾರಿಯ ಜೊತೆ ದೂರದ ಸೀಮೆಗೆ ಹೋದ. ಮೊದಮೊದಲು ಫೋನು ಬರುತ್ತಿತ್ತು. ಆಮೇಲೆ ಫೋನೂ ಇಲ್ಲ, ಮನುಷ್ಯನೂ ಇಲ್ಲ.

ಅವಳೂ ಅವಳ ಅತ್ತೆ ನೀಲವ್ವನೂ ಇಬ್ಬರೇ ಉಳಿದರು. ಬಂದು ಟೇಪು ನೋಡಿಕೊಂಡು ಹೋಗಿ ಎಂದು ಯಾರಾದರೂ ಹೇಳಿದರೆ ಮುದುಕಿ ಸಿಡುಕುತ್ತಿದ್ದಳು. “ಅದಾನ. ಇದ್ದಾಂವನ್ನ ನೋಡೂದೇನು?” ಎನ್ನುತ್ತಿದ್ದಳು. ಆ ನಂಬಿಕೆಯಲ್ಲೇ, ಮಗನ ಹೆಸರು ಹೇಳುತ್ತ ನಾಲ್ಕೈದು ವರ್ಷದ ಹಿಂದೆ ಕಣ್ಣು ಮುಚ್ಚಿದಳು. ಫಕೀರವ್ವನೂ ಯಾವತ್ತೂ ಟೇಪು ಕೇಳಿದವಳಲ್ಲ. ಎಲ್ಲರಿಗೂ ಬಡಿಸುತ್ತಾಳೆ, ತಾನು ಮಾತ್ರ ರೊಟ್ಟಿ ಮುರಿಯುವುದಿಲ್ಲ, ಅನ್ನ ಕಲಸುವುದಿಲ್ಲ. ಒಂದು ಹಿಡಿ ಚುರುಮುರಿ, ಎರಡು ಬಾಳೆಹಣ್ಣು, ಲೋಟದ ತುಂಬ ಚಹಾ. ಗಂಡ ಬರುವ ತನಕ ಹಿಡಿದ ಹರಕೆ ಎಂದು ಊರವರು ಅಂದುಕೊಂಡಿದ್ದೆವು. ನಾನು ಚೇಷ್ಟೆ ಮಾಡಿದರೆ “ಮೈ ಹಗುರ ಇರ್ತೈತಿ ಅಂಬಕ್ಕ, ನೀನೂ ಮಾಡು, ಸೊಂಟ ಇಳೀತೈತಿ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಈ ಫಕೀರವ್ವನಿಗೆ ಚಿನ್ಮಯಿಯನ್ನು ಕಂಡರೆ ಪ್ರಾಣ. ಹಾಸ್ಟೆಲಿನ ಹುಡುಗಿ, ಊರು ಬಿಟ್ಟು ಬಂದಿದೆ ಎಂದು ಗಟ್ಟಿ ಮೊಸರು, ಶೇಂಗಾ ಚಟ್ನಿ ಬೇರೆ ತೆಗೆದಿಡುತ್ತಿದ್ದಳು. ಹುಡುಗಿಯೂ ಬಿಡುವಾದಾಗ ಒಲೆಯ ಬಳಿ ಕುಳಿತು ರೊಟ್ಟಿ ಬಡಿಯಲು ಕಲಿಯುತ್ತಿದ್ದಳು. ಅವಳು ಬಡಿದ ರೊಟ್ಟಿ ಅಂಚೆಲ್ಲ ಒಡೆದು ಹಂಚಿನ ಮೇಲೆ ಮೂರು ಪಾಲಾಗುತ್ತಿತ್ತು. “ನಾಳಿ ಗಂಡನ ಮನ್ಯಾಗ ನನ್ನ ಹೆಸರು ಹೇಳಬ್ಯಾಡವಾ” ಎಂದು ಫಕೀರವ್ವ ಆ ಮೂರು ಚೂರನ್ನೂ ಅವಳ ತಟ್ಟೆಗೇ ಹಾಕುತ್ತಿದ್ದಳು. ಎರಡು ತಿಂಗಳಲ್ಲಿ ಆ ಹುಡುಗಿಯ ಕೆನ್ನೆ ತುಂಬಿತ್ತು. ಮೇಕಪ್ಪಿನವಳು ನಾನು, ಕೆನ್ನೆಯ ವಿಷಯದಲ್ಲಿ ಮೋಸ ಹೋಗುವವಳಲ್ಲ.

ಒಂದು ಗುರುವಾರ ಬೆಳಿಗ್ಗೆ ಚಿನ್ಮಯಿ ನನ್ನ ಕೋಣೆಗೆ ಬಂದು ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕುಳಿತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಅಕ್ಕ, ಫಕೀರವ್ವ ಅಮ್ಮನ ಯಜಮಾನರ ಹೆಸರು ಏನು?”

ನಾನು ಕೈಯಲ್ಲಿದ್ದ ಪೌಡರಿನ ಡಬ್ಬಿ ಕೆಳಗಿಟ್ಟೆ. “ಯಾಕ ಕೇಳ್ತಿ?”

“ಹೆಸರು ಕೇಳಬಾರದು ಅಂತಲೇ ಇದ್ದೆ ಅಕ್ಕ. ಅವರೇ ಹೇಳಿಬಿಟ್ಟರು. ನನ್ನ ಹೆಸರು ದೇವೇಂದ್ರಪ್ಪ, ನಮ್ಮ ಮನೇಲಿ ಮೂರು ಜನ, ಅವ್ವ, ನಾನು, ನನ್ನ ಹೆಂಡತಿ ಫಕೀರವ್ವ ಅಂದ್ರು. ಆಮೇಲೆ ರೊಟ್ಟಿ ಮಾತು ಬಂತು.” ಅವಳು ಕನ್ನಡಿಯಿಂದ ನನ್ನ ಕಡೆ ತಿರುಗಿದಳು. “ಮಾತಾಡ್ತಾ ಮಾತಾಡ್ತಾ ನಗ್ತಾರೆ ಅಕ್ಕ. ಎಷ್ಟು ಚೆನ್ನಾಗಿ ನಗ್ತಾರೆ! ಕುರ್ಚಿಯಲ್ಲಿ ಯಾರೂ ಇಲ್ಲ.”

ಅದೇ ಕುರ್ಚಿಗೆ ಕಳಿಸುವ ಮುಂಚೆ ಅವನ ಹಣೆಯ ಬೆವರು ಒರೆಸಿ ಪೌಡರು ಹಚ್ಚಿದವಳು ನಾನೇ. ಅಷ್ಟೆಲ್ಲಾ ಬಿಳಿ ಮಾಡಬ್ಯಾಡ್ರಿ ಅಕ್ಕಾರ, ನಮ್ಮಾಕಿ ಗುರ್ತ ಹಿಡಿಯಂಗಿಲ್ಲ ಎಂದಿದ್ದ. ಟೇಪು ನೋಡಲು ನಾನು ಹೋಗಲಿಲ್ಲ. ಹೋದರೆ ನನಗೂ ಕಟ್ಟು ಬರುತ್ತದೆ. ಅಷ್ಟು ದುಃಖದಲ್ಲೂ ಆ ಲೆಕ್ಕಾಚಾರ ನನ್ನ ತಲೆಯಲ್ಲಿ ಓಡಿತು.

ಅಂದು ಮಧ್ಯಾಹ್ನ ಚಿನ್ಮಯಿ ಊಟಕ್ಕೆ ಹೋಗಲಿಲ್ಲ. ಫಕೀರವ್ವ ತಟ್ಟೆಗೆ ಬಡಿಸಿಕೊಂಡು ತಾನೇ ಟೇಪಿನ ಕೋಣೆಯ ಬಾಗಿಲಿಗೆ ಬಂದಳು. ಹುಡುಗಿ ಹಸಿವಿಲ್ಲ ಎಂದಳು. ಶುಕ್ರವಾರವೂ ಹಸಿವಿಲ್ಲ ಎಂದಳು, ಒಂದು ಬಾಳೆಹಣ್ಣು ತಿಂದಳು. ಫಕೀರವ್ವ ಬಾಗಿಲಲ್ಲಿ ತಟ್ಟೆ ಹಿಡಿದು ಅವಳನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಹೊಟ್ಟೆ ಕೆಟ್ಟಿದೆಯೇ, ಜ್ವರವೇ ಎಂದು ಒಂದು ಮಾತು ಕೇಳಲಿಲ್ಲ. ಯಾರಾದರೂ ಸೀನಿದರೆ ಕಷಾಯ ಕುದಿಸಿ ತರುವ ಹೆಂಗಸು ಏನೂ ಕೇಳದೆ ತಟ್ಟೆ ವಾಪಸು ತೆಗೆದುಕೊಂಡು ಹೋದದ್ದು ನನಗೆ ವಿಚಿತ್ರವಾಗಿ ಕಂಡಿತು. ಆದರೆ ಆಗ ನನ್ನ ತಲೆ ಬೇರೆ ಕಡೆ ಇತ್ತು.

ಸುದ್ದಿ ಕೊಟ್ರೇಶ ಸಾಹೇಬರ ಕಿವಿಗೆ ಬಿತ್ತು. ಗುರುಪಾದನ ಬಾಯಿಂದ ಯಾವ ಸುದ್ದಿಯೂ ಬೀಳದೆ ಉಳಿದದ್ದಿಲ್ಲ. ಅವರು ಹುಡುಗಿಯನ್ನು ಕರೆಸಿದರು, ಜೊತೆಗೆ ನಾನೂ ಹೋದೆ.

“ನಿಮಗ ಈ ಕಟ್ಟು ಇಲ್ಲಮ್ಮ. ನೀವು ಹೊರಗಿನವರು. ಆರಾಮಾಗಿ ಊಟ ಮಾಡ್ರಿ” ಎಂದರು.

“ಸರ್, ನಾನು ನೋಡಿದೀನಲ್ಲ.”

“ನೋಡಿದ್ರ ಏನಾತು? ಇವತ್ತು ನೀವು ಒಂದು ಮನಿಗೆ ಹೋಗಿ ಹೇಳ್ರಿ, ನಾಳಿ ಇಡೀ ಊರು ಗೇಟಿನ ಮುಂದ ನಿಲ್ತೈತಿ. ನಮ್ಮವರದು ನೋಡಿ ಹೇಳ್ರಿ ಅಂತಾರ. ಕೆಲಸ ಅಲ್ಲಿಗೇ ನಿಲ್ತೈತಿ. ಕೆಲಸ ಮುಗೀದೇ ಇದ್ರ ನಾ ಸರ್ಟಿಫಿಕೇಟಿಗೆ ಸಹಿ ಹೆಂಗ ಹಾಕಲಿ?”

ಸಾಹೇಬರು ಕೆಟ್ಟ ಮನುಷ್ಯರಲ್ಲ. ಅವರ ತಮ್ಮನೂ ಊರು ಬಿಟ್ಟು ಹೋಗಿ ಬಹಳ ವರ್ಷವಾಗಿದೆ, ಅವನ ಟೇಪೂ ಅದೇ ಕಪಾಟಿನಲ್ಲಿದೆ. ಅವರು ಹುಡುಗಿಯ ಮುಖ ನೋಡದೆ ಮೇಜಿನ ಮೇಲಿನ ಗಾಜನ್ನು ಕರವಸ್ತ್ರದಿಂದ ಉಜ್ಜುತ್ತ ಮಾತಾಡುತ್ತಿದ್ದರು. ಗಾಜಿನ ಮೇಲೆ ಧೂಳೇನೂ ಇರಲಿಲ್ಲ.

ಚಿನ್ಮಯಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಗೈಡ್ ಮೇಡಮ್ಮಿಗೆ ಫೋನು ಮಾಡಿದಳು. ಅವರೂ ಅದೇ ಮಾತನ್ನು ದೊಡ್ಡ ಭಾಷೆಯಲ್ಲಿ ಹೇಳಿದರಂತೆ. ಅಧ್ಯಯನ ಮಾಡುವವರು ಅಧ್ಯಯನ ಮಾಡುವ ಜನರ ಬದುಕಿನಲ್ಲಿ ಕೈ ಹಾಕಬಾರದು, ನೋಡಬೇಕು, ಬರೆಯಬೇಕು, ಬರಬೇಕು. ಫೋನು ಇಟ್ಟು ಅವಳು ನನ್ನ ಕಡೆ ತಿರುಗಿದಳು. “ನೀವೇನಂತೀರ ಅಕ್ಕ?”

ನಾನು ಅಂದದ್ದನ್ನು ಇದ್ದ ಹಾಗೆ ಹೇಳುತ್ತೇನೆ. “ಬ್ಯಾಡ ತಂಗಿ. ಆಕಿಗೆ ಉಳಿದದ್ದು ಅದೊಂದು ಕುಂಕುಮ. ಅದನ್ನ ಅಳಿಸಿ ನಿನಗ ಏನು ಸಿಗತೈತಿ? ಇನ್ನೊಂದು ತಿಂಗಳು ಇದ್ದು ಹೋಗಾಕಿ ನೀ. ಇಲ್ಲೇ ಆಕಿ ಮುಖಾ ನೋಡ್ಕೊಂತ ಇರೂವರು ನಾವು.”

“ಎರಡು ತಿಂಗಳು ಅವರ ಕೈಯಲ್ಲಿ ಉಂಡಿದೀನಿ ಅಕ್ಕ. ಉಣ್ಣೋವಾಗ ನಾನು ಹೊರಗಿನವಳು ಅಂತ ಯಾರೂ ಹೇಳಲಿಲ್ಲ.” ಫೋನನ್ನು ಚೀಲಕ್ಕೆ ಹಾಕಿ ಮತ್ತೆ ಹೇಳಿದಳು. “ಅವರು ದಿನಾ ತಟ್ಟೆ ಹಿಡ್ಕೊಂಡು ಬರ್ತಾರೆ. ನನಗೆ ಗೊತ್ತಿರೋದು ಅವರಿಗೆ ಗೊತ್ತಿಲ್ಲ ಅಂದ್ಕೊಂಡು ಆ ರೊಟ್ಟಿ ಹೇಗೆ ತಿನ್ನಲಿ? ಹರಕೆ ಅಂತ ಬರೀ ಚುರುಮುರಿ ತಿಂದ್ಕೊಂಡು ಕಾಯ್ತಿದಾರೆ. ಇನ್ನೂ ಎಷ್ಟು ವರ್ಷ ಕಾಯಬೇಕು ಅವರು?”

ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲೇ “ಭಾನುವಾರ ಬಾ, ಮನಿ ತೋರಸ್ತೀನಿ” ಎಂದೆ.

ಭಾನುವಾರ ಬಿಸಿಲೇರುವ ಹೊತ್ತಿಗೆ ಇಬ್ಬರೂ ಓಣಿಗೆ ಹೋದೆವು. ಅವಳು ದಾರಿಯುದ್ದಕ್ಕೂ ಬಾಯೊಳಗೇ ಆ ಒಂದು ವಾಕ್ಯವನ್ನು ಹೇಳಿಕೊಳ್ಳುತ್ತಿದ್ದಳು. ಫಕೀರವ್ವನ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಒಲೆ ಉರಿಯುತ್ತಿತ್ತು, ಬುಟ್ಟಿಯ ತುಂಬ ರೊಟ್ಟಿ, ಅದರ ಮೇಲೆ ಬಿಳಿ ಬಟ್ಟೆ. ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಎದ್ದು ಬಂದು ನಡುಮನೆಯಲ್ಲಿ ನಿಂತಳು. ಬಾ ಎಂದು ಕರೆಯಲಿಲ್ಲ. ಚಿನ್ಮಯಿಯೂ ಹೊಸ್ತಿಲು ದಾಟಲಿಲ್ಲ. ನಾನು ಪಕ್ಕದ ಗೋಡೆಗೆ ಒರಗಿಕೊಂಡೆ.

ಹುಡುಗಿಯ ತುಟಿ ಅಲುಗಿತು, ಅಷ್ಟೇ.

“ಹೇಳವಾ” ಎಂದಳು ಫಕೀರವ್ವ. “ಬಿಸಲಾಗ ಎಷ್ಟು ಹೊತ್ತು ನಿಲ್ತಿ? ಹೇಳು.”

“ಅಮ್ಮ, ನಿಮ್ಮ ಮನೆಯವರ ಕುರ್ಚಿ ಖಾಲಿ ಇದೆ.”

ಹೇಳಿ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಫಕೀರವ್ವ ಬೀಳುತ್ತಾಳೆ ಎಂದುಕೊಂಡು ನಾನು ಎರಡು ಹೆಜ್ಜೆ ಮುಂದೆ ಬಂದಿದ್ದೆ. ಅವಳು ಬೀಳಲಿಲ್ಲ. ಕೂಗಲೂ ಇಲ್ಲ. ನಿಂತಲ್ಲೇ “ಕೇಳಿದೆ. ಒಳಗ ಬಾ, ಉಣ್ಣು” ಎಂದಳು. ನನಗೂ ಕಣ್ಸನ್ನೆ ಮಾಡಿದಳು.

ಚಾಪೆ ಹಾಸಿತ್ತು. ತಟ್ಟೆಗಳೂ ಇದ್ದವು. ಎಣ್ಣೆಗಾಯಿ, ಚಟ್ನಿ, ಮೊಸರು, ಎಲ್ಲ ತಯಾರಿತ್ತು. ನಾವು ಬರುತ್ತೇವೆಂದು ಅವಳಿಗೆ ಹೇಳಿದವರಾರು? ನಾನು ಕೇಳಿಯೇಬಿಟ್ಟೆ.

“ಗುರುವಾರದಿಂದ ಈ ಹುಡುಗಿ ರೊಟ್ಟಿ ಬಿಟ್ಟು ಬಾಳಿಹಣ್ಣು ತಿನ್ನಾಕತ್ತೈತಿ. ಬಾಳಿಹಣ್ಣಿನ ಊಟ ಯಾರ ಊಟ ಅಂತ ನನಗ ಗೊತ್ತಾಗಂಗಿಲ್ಲೇನು ಅಂಬಕ್ಕ?” ಎಂದು ಅವಳು ಹುಡುಗಿಯ ತಟ್ಟೆಗೆ ರೊಟ್ಟಿ ಹಾಕಿದಳು. “ಉಣ್ಣು ನೀ. ನಿನ್ನ ಕೆಲಸ ಮುಗೀತು.”

ಚಿನ್ಮಯಿ ಅಳುತ್ತಲೇ ಒಂದು ತುತ್ತು ಮುರಿದು ಬಾಯಿಗಿಟ್ಟಳು. ನನಗೆ ಮಾತ್ರ ಕೈ ಮುಂದೆ ಹೋಗಲಿಲ್ಲ. ಶುಕ್ರವಾರದ ಆ ಬಾಗಿಲು, ಏನೂ ಕೇಳದೆ ವಾಪಸು ಹೋದ ತಟ್ಟೆ, ಇಷ್ಟು ವರ್ಷದ ಚುರುಮುರಿ, ಎಲ್ಲ ಒಟ್ಟಿಗೆ ತಲೆಯಲ್ಲಿ ಸುತ್ತತೊಡಗಿದವು.

“ಫಕೀರವ್ವ,” ಎಂದೆ. “ನೀ ಯಾವಾಗ ನೋಡಿದಿ?”

ಅವಳು ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆಳೆದು ಉರಿ ಕಡಿಮೆ ಮಾಡಿದಳು. ಆಮೇಲೆ ಹೇಳಿದಳು. ಅತ್ತೆ ಇನ್ನೂ ಗಟ್ಟಿಯಿದ್ದ ಕಾಲವದು. ಒಂದು ಮಧ್ಯಾಹ್ನ ಟೇಪಿನ ಕೋಣೆಗೆ ಚಹಾ ಒಯ್ದಿದ್ದಾಳೆ. ಗುರುಪಾದ ಎಂದಿನಂತೆ ಬೆನ್ನು ತಿರುಗಿಸಿ ಕುಳಿತು, ಯಾವುದೋ ಟೇಪು ಜಾಮಾಗಿದೆಯೇ ಎಂದು ಓಡಿಸಿ ನೋಡುತ್ತಿದ್ದಾನೆ. ಬೆನ್ನು ತಿರುಗಿಸಿದವನು ಅವನು. ಚಹಾದ ತಟ್ಟೆ ಹಿಡಿದವಳು ಎದುರಿಗೆ.

“ರೊಟ್ಟಿ ಮಾತು ಬಂತು. ದನಿ ಕೇಳಿ ಕಣ್ಣೆತ್ತಿದೆ” ಎಂದಳು ಫಕೀರವ್ವ. “ಬೆತ್ತದ ಕುರ್ಚಿ ಒಂದ ಇತ್ತು. ಚಾ ಚೆಲ್ಲಲಿಲ್ಲ ನೋಡು ನಾನು. ಇಟ್ಟು ಬಂದೆ.”

“ಹೇಳಲಿಲ್ಲ ಯಾಕ?”

“ಯಾರಿಗೆ ಹೇಳಲಿ? ಮನ್ಯಾಗ ಇದ್ದಾಕಿ ಆಕಿ ಒಬ್ಬಾಕಿ. ಮಗ ಬರ್ತಾನ ಅಂತ ದಿನಾ ಒಂದು ರೊಟ್ಟಿ ಎತ್ತಿ ಇಡೂವಾಕಿ. ಮೂರು ಸಲ ಹೊಸ್ತಿಲ ಹೊರಗ ಹೋಗಿ ನಿಂತೆ ಅಂಬಕ್ಕ. ನಿಂತಾಗೆಲ್ಲಾ, ಯಾಕ ನಿಂತಿ, ಬಿಸಲು ಐತಿ, ಒಳಗ ಬಾ ಅಂತಿದ್ಲು. ಹೆಂಗ ಹೇಳಲಿ? ಹೇಳಲಿಲ್ಲ. ಹೇಳದಾಕಿ ಉಣ್ಣಬಾರದಲ್ಲ, ಉಣ್ಣಲಿಲ್ಲ. ಆಕಿ ಹ್ವಾದ್ಲು. ಆಮ್ಯಾಲ ಹೇಳಾಕ ಈ ಮನ್ಯಾಗ ಯಾರೂ ಉಳೀಲಿಲ್ಲ. ನನಗ ನಾನ ಹೇಳ್ಕೊಳ್ಳಾಕ ಬರತೈತೇನು?”

ಎಷ್ಟು ವರ್ಷ ನಾನು ಅವಳ ಪಕ್ಕದಲ್ಲಿ ಕುಳಿತು ಉಂಡಿದ್ದೇನೆ. ಅವಳ ಚುರುಮುರಿಯಲ್ಲಿ ಒಂದು ಹಿಡಿ ಕಸಿದುಕೊಂಡು ನಕ್ಕಿದ್ದೇನೆ. ನನಗೆ ಅಳು ಬಂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಚಿನ್ಮಯಿ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು ಫಕೀರವ್ವನನ್ನೇ ನೋಡುತ್ತಿದ್ದಳು.

“ಅಮ್ಮ, ಈಗಲಾದರೂ ಊಟ ಮಾಡಿ” ಎಂದಳು.

“ನೀ ಹೇಳಿದ್ದು ನಿನ್ನ ಕಟ್ಟು ಬಿಚ್ಚಿತು. ನಂದು ಬಿಚ್ಚಲಿಲ್ಲವಾ. ನಾನೂ ಕಂಡಾಕಿ.” ಅಷ್ಟು ಹೇಳಿ ಫಕೀರವ್ವ ತಲೆ ತಗ್ಗಿಸಿ ಕೈ ಮೇಲಿನ ಹಿಟ್ಟನ್ನು ಉಜ್ಜತೊಡಗಿದಳು. ಆಮೇಲೆ, ಬಹಳ ಸಣ್ಣ ದನಿಯಲ್ಲಿ ಹೇಳಿದಳು. ಅವಳು ಅಂಥ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. “ತಂಗಿ, ನಿನಗ ತ್ರಾಸ ಇಲ್ಲಂದ್ರ ಒಂದು ಕೇಳಲಿ? ನೀ ಅಲ್ಲೇ ಕುಂದ್ರು. ಒಂದು ಗಳಿಗಿ ಈ ಮನಿಯಾಕಿ ಆಗು.”

ಅವಳು ಎದ್ದಳು. ನಮ್ಮನ್ನು ದಾಟಿಕೊಂಡು ಬಾಗಿಲಿನಾಚೆ ಹೋದಳು. ತಲೆಯ ಮೇಲೆ ಸೆರಗು ಹೊದ್ದು, ತನ್ನದೇ ಮನೆಯ ಹೊಸ್ತಿಲ ಹೊರಗೆ, ಬಿಸಿಲಿನಲ್ಲಿ, ಅಪರಿಚಿತಳ ಹಾಗೆ ಕೈ ಕಟ್ಟಿಕೊಂಡು ನಿಂತಳು. ಓಣಿಯಲ್ಲಿ ಹೋಗುತ್ತಿದ್ದ ಒಬ್ಬಿಬ್ಬರು ನಿಂತು ನೋಡಿದರು. ನೋಡಿದ ಕೂಡಲೇ ಅವರಿಗೆ ಅದೇನೆಂದು ತಿಳಿಯಿತು, ತಲೆ ತಗ್ಗಿಸಿ ನಿಂತುಕೊಂಡರು.

“ನಿಮ್ಮ ಮನಿಯವರ ಕುರ್ಚಿ ಖಾಲಿ ಐತಿ” ಎಂದಳು ಫಕೀರವ್ವ.

ಚಿನ್ಮಯಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಂತಿರಲಿಲ್ಲ, ಅದು ನಾನು ಹೇಳುವ ಮಾತಲ್ಲ. ಅವಳು ಚಾಪೆಯ ಮೇಲೆ ನೆಟ್ಟಗೆ ಕುಳಿತಳು, ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಪಕ್ಕಕ್ಕಿಟ್ಟಳು. ಎರಡು ತಿಂಗಳಿನಿಂದ ನಮ್ಮ ಸೀಮೆಯ ಮಾತಾಡು ಎಂದು ಎಷ್ಟು ಕಾಡಿದರೂ ನಾಲಿಗೆ ತಿರುಗದ ಹುಡುಗಿ, ನಮ್ಮೂರಿನಲ್ಲೇ ಹುಟ್ಟಿದವಳ ಹಾಗೆ ಹೇಳಿದಳು.

“ಕೇಳಿದ್ವಿ. ಒಳಗ ಬಾ, ಉಣ್ಣು.”

ಫಕೀರವ್ವ ಒಳಗೆ ಬಂದಳು. ಚಿನ್ಮಯಿ ಎದ್ದು ಅವಳಿಗೆ ಚಾಪೆಯಲ್ಲಿ ಜಾಗ ಮಾಡಿ, ಬುಟ್ಟಿಯ ಬಟ್ಟೆ ಸರಿಸಿ, ತಟ್ಟೆಗೆ ಎರಡು ರೊಟ್ಟಿ ಹಾಕಿದಳು, ಎಣ್ಣೆಗಾಯಿ ಬಡಿಸಿದಳು. ಫಕೀರವ್ವ ರೊಟ್ಟಿಯ ಅಂಚು ಮುರಿದಳು. ಬಳೆ ಸದ್ದಾಯಿತು. ಅವಳು ಆ ತುತ್ತನ್ನು ಬಾಯಿಗಿಟ್ಟು ಅಗಿದಳು. ಅಗಿಯುತ್ತಲೇ ಇದ್ದಳು. ನುಂಗಿದ ಮೇಲೆ ಅವಳು ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಅಂವ ಹೇಳಿದ್ದು ಖರೇನ ಅಂಬಕ್ಕ,” ಎಂದಳು. “ದಪ್ಪ ಆಗ್ತಾವ.”

ಆಗ ಅತ್ತಳು. ಚಿನ್ಮಯಿ ಅವಳ ಎಡಗೈಯನ್ನು ಹಿಡಿದುಕೊಂಡು ಕುಳಿತಳು. ಬಲಗೈ ಎಂಜಲಾಗಿತ್ತು, ಅದರಲ್ಲಿ ರೊಟ್ಟಿ ಇತ್ತು. ಅಳುತ್ತ ಅಳುತ್ತ ಎರಡೂ ರೊಟ್ಟಿ ತಿಂದಳು, ಇನ್ನೊಂದು ಕೇಳಿದಳು.

ಸೋಮವಾರ ಚಿನ್ಮಯಿ ಮತ್ತೆ ಟೇಪಿನ ಕೋಣೆಗೆ ಹೋದಳು. ಸಾಹೇಬರು ಹೆದರಿದ ಹಾಗೆ ಗೇಟಿನ ಮುಂದೆ ಜನ ನಿಲ್ಲಲಿಲ್ಲ. ಬದಲಿಗೆ ಊರು ಬಿಟ್ಟುಹೋದವರ ಮನೆಯವರು ಒಬ್ಬೊಬ್ಬರೇ ಮಧ್ಯಾಹ್ನದ ಹೊತ್ತಿಗೆ ಏನಾದರೂ ನೆಪ ಹೂಡಿ ಕ್ಯಾಂಟೀನಿನ ಕಿಟಕಿಯ ಬಳಿ ಬಂದು, ಆ ಹುಡುಗಿ ಊಟ ಮಾಡುತ್ತಿದ್ದಾಳೋ ಇಲ್ಲವೋ ಎಂದು ನೋಡಿಕೊಂಡು ಹೋಗುತ್ತಿದ್ದರು. ಅವಳು ರೊಟ್ಟಿ ಮುರಿದದ್ದು ಕಂಡರೆ ನಿಟ್ಟುಸಿರು ಬಿಟ್ಟು ಮನೆಯ ದಾರಿ ಹಿಡಿಯುತ್ತಿದ್ದರು. ಕೊಟ್ರೇಶ ಸಾಹೇಬರೂ ದಿನಾ ಬರುತ್ತಿದ್ದರು. ಉಪ್ಪಿನಕಾಯಿ ಬೇಕಾಗಿತ್ತು ಎನ್ನುತ್ತಿದ್ದರು. ತಿಂಗಳ ಕೊನೆಗೆ ಸರ್ಟಿಫಿಕೇಟಿಗೆ ಸಹಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟರು. ತಮ್ಮನ ಹೆಸರನ್ನು ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಫಕೀರವ್ವನ ಹಣೆಯ ಬಗ್ಗೆ, ಬಳೆಯ ಬಗ್ಗೆ ಊರಲ್ಲಿ ಯಾರಿಗೂ ಕೇಳುವ ಧೈರ್ಯವಾಗಲಿಲ್ಲ. ಅವು ಹಾಗೆಯೇ ಇದ್ದವು. ಆದರೆ ಆ ಸೋಮವಾರ ಮಧ್ಯಾಹ್ನ ನಾವು ಕ್ಯಾಂಟೀನಿಗೆ ಹೋದಾಗ ತಟ್ಟೆಗೆ ಬಿದ್ದ ರೊಟ್ಟಿ ಹಾಳೆಯಷ್ಟು ತೆಳ್ಳಗಿತ್ತು. ಗುರುಪಾದ ಅದನ್ನು ಎತ್ತಿ ಬೆಳಕಿಗೆ ಹಿಡಿದು ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಎಲ್ಲರೂ ಎರಡೆರಡು ಹೆಚ್ಚಿಗೆ ತಿಂದೆವು. ಫಕೀರವ್ವ ಬಡಿಸಿ ಮುಗಿಸಿ, ತನ್ನ ತಟ್ಟೆ ತಂದು ನನ್ನ ಪಕ್ಕದಲ್ಲಿ ಕುಳಿತಳು.